ಗೌರಿಯ ಮಡಿಲಕ್ಕಿ

"ತೇಗಿದಳಾ?"

ವಿಮಾನ ನಿಲ್ಲಿಸುವ ಹ್ಯಾಂಗರಿನ ಬಾಗಿಲಲ್ಲಿ ಮಡಿಸುವ ಕುರ್ಚಿ ಹಾಕಿಕೊಂಡು ಕೂತಿದ್ದ ಉದಯಶಂಕರ್ ಕೇಳಿದರು.

"ಇನ್ನೂ ಇಲ್ರಿ ಅಂಕಲ್."

ತೇಜಸ್ವಿನಿ ಪ್ರೊಪೆಲ್ಲರಿನ ಅಲಗನ್ನು ಹಿಡಿದು ಮತ್ತೊಮ್ಮೆ ಕೆಳಕ್ಕೆ ಎಳೆದಳು. ಎಂಜಿನ್ನಿನೊಳಗೆ ಏನೋ ಬಿಗಿಯಾಗಿ ತಡೆಯಿತು, ಆಮೇಲೆ ಬಿಟ್ಟುಕೊಟ್ಟಿತು. ಕೀಲಿ ಅವಳ ಜೇಬಿನಲ್ಲಿತ್ತು. ಕೀಲಿ ಜೇಬಿನಲ್ಲಿಲ್ಲದೆ ಪ್ರೊಪೆಲ್ಲರಿಗೆ ಕೈ ಹಚ್ಚಬಾರದು ಎನ್ನುವುದು ಗಂಡ ಧೀರಜ್ ಅವಳಿಗೆ ಕಲಿಸಿದ ಮೊದಲ ಪಾಠ. ಎರಡನೆಯದು ಈ ತೇಗು. ಈ ಜಾತಿಯ ಎಂಜಿನ್ನಿನ ಆಯಿಲ್ ಪಕ್ಕದ ಪುಟ್ಟ ಟ್ಯಾಂಕಿನಲ್ಲಿರುತ್ತದೆ. ವಿಮಾನ ನಿಂತಿದ್ದಾಗ ಒಂದಿಷ್ಟು ಆಯಿಲ್ ಎಂಜಿನ್ನಿನ ಹೊಟ್ಟೆಯಲ್ಲೇ ಉಳಿದುಬಿಡುತ್ತದೆ. ಪ್ರೊಪೆಲ್ಲರನ್ನು ಕೈಯಿಂದ ತಿರುಗಿಸುತ್ತಾ ಹೋದರೆ ಅದು ಮೆಲ್ಲಗೆ ಟ್ಯಾಂಕಿಗೆ ಬಂದು ಸೇರಿ, ಕೊನೆಗೊಮ್ಮೆ ಗುಳುಗುಳು ಸದ್ದು ಮಾಡುತ್ತದೆ. ಹಾಲು ಕುಡಿದ ಮಗುವನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ಸವರಿದಾಗ ಬರುವ ಸದ್ದು. ಅದು ಬರುವವರೆಗೆ ಆಯಿಲ್ ಎಷ್ಟಿದೆ ಎಂದು ಅಳೆದು ಪ್ರಯೋಜನವಿಲ್ಲ.

ಇನ್ನೆರಡು ಸುತ್ತಿಗೆ ಗುಳುಗುಳು ಕೇಳಿಸಿತು.

"ತೇಗಿದಳ್ರಿ."

"ಹೊಟ್ಟೆ ತುಂಬಿದೆ ಹಾಗಾದ್ರೆ," ಎಂದರು ಉದಯಶಂಕರ್. ಎಂದಿನ ಮಾತು. ಆದರೆ ಇವತ್ತು ಅದನ್ನು ಹೇಳಿ ಅವರು ಹೊರಗೆ ಹುಲ್ಲಿನ ರನ್‌ವೇಯ ಕಡೆ ನೋಡಿದರು.

ಎರಡು ಸೀಟಿನ, ಬಿಳಿ ಬಣ್ಣದ, ರೆಕ್ಕೆ ತಲೆಯ ಮೇಲಿರುವ ಆ ಪುಟ್ಟ ವಿಮಾನವನ್ನು ಧೀರಜ್ ಮತ್ತು ಉದಯಶಂಕರ್ ಪಾಲಿನಲ್ಲಿ ಕೊಂಡಿದ್ದರು. ಕಡಲಾಚೆಯ ಈ ಬಂದರು ಊರು ಟೌರಂಗಾದ ಕನ್ನಡದವರ ಯುಗಾದಿ ಊಟದಲ್ಲಿ ಅಕ್ಕಪಕ್ಕ ಕೂತು ಹೋಳಿಗೆ ತಿನ್ನುತ್ತಾ ಶುರುವಾದ ಮಾತು ಅದು. ಒಬ್ಬರು ಬಂದರಿನ ಕ್ರೇನುಗಳನ್ನು ನೋಡಿಕೊಂಡು ನಿವೃತ್ತಿಯ ಹೊಸ್ತಿಲಲ್ಲಿದ್ದ ಮೈಸೂರಿನವರು. ಇನ್ನೊಬ್ಬ ಓದಲು ಬಂದು ಇಲ್ಲೇ ನಿಂತು, ಕಿವಿಹಣ್ಣಿನ ಕೋಲ್ಡ್ ಸ್ಟೋರೇಜಿನಲ್ಲಿ ಎಂಜಿನಿಯರಾಗಿದ್ದ ಧಾರವಾಡದ ಹುಡುಗ. ವಿಮಾನ ಮನೆಗೆ ಬಂದದ್ದು ಗೌರಿ ಹಬ್ಬದ ದಿನ. ಉದಯಶಂಕರ್ ಅವರ ಹೆಂಡತಿ ರಮಾ ಆಂಟಿ ಅವತ್ತೇ ಹೆಸರಿಟ್ಟರು. ರೆಕ್ಕೆಯ ಕೆಳಗೆ ಬರೆದಿರುವ ಅಕ್ಷರಗಳು ಸರ್ಕಾರಕ್ಕೆ, ಮನೆಯವರಿಗೆ ಅದು ಗೌರಿ.

ಹಿಂದಿನ ವರ್ಷದ ಚಳಿಗಾಲದಲ್ಲಿ, ಒಂದು ಬೆಳಿಗ್ಗೆ ಗಡ್ಡ ಹೆರೆಯುತ್ತಿದ್ದಾಗ, ಧೀರಜ್‌ನ ತಲೆಯೊಳಗೆ ಒಂದು ರಕ್ತನಾಳ ಒಡೆಯಿತು. ತೇಜಸ್ವಿನಿಗೆ ಹಾರಿಸುವ ಪರವಾನಗಿ ಬಂದು ಆಗಿನ್ನೂ ಕೆಲವು ವಾರಗಳಾಗಿದ್ದವು. ಆಮೇಲೆ ಅವಳು ಹಾರಿಸಲಿಲ್ಲ. ಅದೇ ವರ್ಷ ಉದಯಶಂಕರ್ ಅವರ ಎದೆಗೆ ಸ್ಟೆಂಟ್ ಹಾಕಿದರು, ಹಾರಿಸಲು ಬೇಕಾದ ಅವರ ವೈದ್ಯಕೀಯ ಪತ್ರ ಹೋಯಿತು. ಕ್ಲಬ್ಬಿನ ಇನ್‌ಸ್ಟ್ರಕ್ಟರ್ ಆಗಾಗ ಬಂದು ಗೌರಿಯನ್ನು ಒಂದು ಸುತ್ತು ಹಾರಿಸಿ ಹೋಗುತ್ತಿದ್ದ, ಎಂಜಿನ್ ತುಕ್ಕು ಹಿಡಿಯದಿರಲೆಂದು.

ತೇಜಸ್ವಿನಿ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ಪಾಳಿ ಮುಗಿಸಿ ಮನೆಗೆ ಹೋಗುವ ಬದಲು ಕೆಲವು ದಿನ ಕಾರು ತಾನಾಗಿಯೇ ಹ್ಯಾಂಗರಿನ ದಾರಿ ಹಿಡಿಯುತ್ತಿತ್ತು. ಬಂದು ಪ್ರೊಪೆಲ್ಲರನ್ನು ನಾಲ್ಕು ಸಲ ತಿರುಗಿಸಿ, ಮೂರು ಅಲಗಿನಲ್ಲಿ ಒಂದನ್ನು ನೇರ ಕೆಳಮುಖ ನಿಲ್ಲಿಸಿ ಹೋಗುತ್ತಿದ್ದಳು. ಮುಂದಿನ ಸಲ ಬಂದಾಗ ಅಲಗು ಓರೆಯಾಗಿರುತ್ತಿತ್ತು. ಎಂಜಿನ್ ಶುರು ಮಾಡದೆ ಬರೀ ತಿರುಗಿಸುವುದರಿಂದ ಲಾಭವಿಲ್ಲ ಎಂದು ಬಲ್ಲ ಇನ್ನೊಬ್ಬರು ಬಂದು ತಿರುಗಿಸಿ ಹೋಗಿದ್ದರು. ಅವಳು ಕೇಳಲಿಲ್ಲ, ಉದಯಶಂಕರ್ ಅವರೂ ಹೇಳಲಿಲ್ಲ.

ಮಾರುವ ಮಾತು ಬಂದದ್ದು ರಮಾ ಆಂಟಿಯ ಅಡುಗೆಮನೆಯ ಮೇಜಿನ ಮೇಲೆ. ಆಯಿಲ್ ಬದಲಿಸಿದಾಗ ಹಳೆಯ ಫಿಲ್ಟರನ್ನು ಕತ್ತರಿಸಿ ತೆರೆದು, ಒಳಗಿನ ಕಾಗದವನ್ನು ಬಿಡಿಸಿ ಹರವಿ, ಲೋಹದ ಚೂರೇನಾದರೂ ಮಿಂಚುತ್ತಿದೆಯೇ ಎಂದು ನೋಡುವುದು ರೂಢಿ. ಅದಕ್ಕೆಂದೇ ಆಂಟಿ ಒಂದು ಹಳೆಯ ಸ್ಟೀಲ್ ತಟ್ಟೆಯನ್ನು ಬಿಟ್ಟುಕೊಟ್ಟಿದ್ದರು. ಇಬ್ಬರೂ ಟಾರ್ಚ್ ಹಿಡಿದು ತಲೆಗೆ ತಲೆ ತಾಗುವಷ್ಟು ಬಗ್ಗಿ ನೋಡಿದರು. ಏನೂ ಮಿಂಚಲಿಲ್ಲ.

"ಇವಳ ಹೊಟ್ಟೇಲಿ ಏನೂ ದೋಷ ಇಲ್ಲ ಕಣಮ್ಮ," ಎಂದರು ಉದಯಶಂಕರ್. ಸ್ವಲ್ಪ ಹೊತ್ತಾದ ಮೇಲೆ, ತಟ್ಟೆಯ ಕಡೆಗೇ ನೋಡುತ್ತಾ, "ಆದ್ರೆ ಇಟ್ಕೊಂಡು ಏನ್ಮಾಡೋದು? ನಾನು ಹಾರಿಸೋ ಹಾಗಿಲ್ಲ. ನೀನು ಹಾರಿಸಲ್ಲ. ಹಾರೋರ ಮನೆಗೆ ಕೊಟ್ರೆ ಅವಳೂ ಚೆನ್ನಾಗಿರ್ತಾಳೆ," ಎಂದರು.

"ಹೌದ್ರಿ ಅಂಕಲ್," ಎಂದಳು ತೇಜಸ್ವಿನಿ.

ಅವಳು ಬೇಡ ಎನ್ನಲಿ ಎಂದು ಅವರು ಕಾದರು. ಅವರೇ ಇನ್ನೇನಾದರೂ ಹೇಳಲಿ ಎಂದು ಅವಳು ಕಾದಳು. ಆಂಟಿ ಬಂದು ಇಬ್ಬರ ನಡುವೆ ಕಾಫಿ ಇಟ್ಟು ಹೋದರು.

ಕೊಳ್ಳಲು ಮುಂದೆ ಬಂದವಳು ಮೊರಾಗ್ ಎಂಬ ಹೆಂಗಸು. ವೈಕಾಟೊ ಸೀಮೆಯಲ್ಲಿ ಹಸು ಸಾಕುವವಳು, ಹಳೆಯ ವಿಮಾನವೊಂದನ್ನು ಹಾರಿಸಿ ಸವೆಸಿದವಳು. ಬೇಸಿಗೆಯ ಕೊನೆಯಲ್ಲಿ ಕೈಮಾಯಿ ಬೆಟ್ಟಗಳ ಆಚೆ ಒಂದು ಫಾರ್ಮಿನ ಹುಲ್ಲುಗಾವಲಿನಲ್ಲಿ ಸಣ್ಣ ವಿಮಾನದವರ ಕೂಟ ಸೇರುತ್ತದೆ. ಎಲ್ಲರೂ ಹಾರಿಬಂದು, ರೆಕ್ಕೆಯ ಕೆಳಗೆ ಡೇರೆ ಹಾಕಿ, ಒಬ್ಬರ ಎಂಜಿನ್ನಿಗೆ ಇನ್ನೊಬ್ಬರು ಇಣುಕಿ, ಒಂದು ರಾತ್ರಿ ಉಳಿದು ಹೋಗುತ್ತಾರೆ. ಅಲ್ಲಿಗೇ ತಂದುಬಿಡಿ, ನೋಡಿ ತೆಗೆದುಕೊಂಡು ಹೋಗುತ್ತೇನೆ ಎಂದಿದ್ದಳು. ಆಮೇಲೆ ರಮಾ ಆಂಟಿ ಭಾನುವಾರ ಕಾರಿನಲ್ಲಿ ಬಂದು ಇವರಿಬ್ಬರನ್ನೂ ಕರೆದೊಯ್ಯುವುದೆಂದು ಮಾತಾಯಿತು.

"ಇನ್‌ಸ್ಟ್ರಕ್ಟರ್ ತಗೊಂಡು ಹೋಗ್ಲಿ ಬಿಡು," ಎಂದಿದ್ದರು ಉದಯಶಂಕರ್.

"ಬ್ಯಾಡ್ರಿ. ಬಿಟ್ಟು ಬರೂದು ಐತಿ ಅಂದಮ್ಯಾಲೆ ನಾನ ಬಿಟ್ಟು ಬರ್ತೀನಿ," ಎಂದು ತೇಜಸ್ವಿನಿ ಹೇಳಿದಳು. ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿ ಆಶ್ಚರ್ಯವಾಯಿತು. ಕಳೆದ ವಾರ ಇನ್‌ಸ್ಟ್ರಕ್ಟರನ್ನು ಪಕ್ಕದಲ್ಲಿ ಕೂರಿಸಿಕೊಂಡು ರನ್‌ವೇಯ ಸುತ್ತ ಕೆಲವು ಸುತ್ತು ಹಾರಿದಳು. ನಿಯಮಕ್ಕೆ ಅಷ್ಟು ಬೇಕಿತ್ತು. ಕೈ ಎಲ್ಲವನ್ನೂ ಮಾಡಿತು. ಅವಳು ಎಲ್ಲೋ ದೂರ ಕೂತು ಆ ಕೈಯನ್ನು ನೋಡಿದಳು.

ಈಗ ಅವಳು ಆಯಿಲ್ ಅಳೆದು, ರೆಕ್ಕೆ, ಚಕ್ರ, ಬಾಲ ಎಲ್ಲವನ್ನೂ ಸುತ್ತು ಬಂದು ಮುಟ್ಟಿ ನೋಡಿ ಮುಗಿಸಿದ್ದಳು. ಹೊರಡುವುದಷ್ಟೇ ಬಾಕಿ. ಆಗ ರಮಾ ಆಂಟಿಯ ಕಾರು ಬಂತು. ರೇಷ್ಮೆ ಸೀರೆ, ಕಾಲಿಗೆ ವಾಕಿಂಗ್ ಶೂ. ಕೈಯಲ್ಲಿ ಪೂಜೆಯ ತಟ್ಟೆ, ತೋಳಿಗೆ ನೇತುಹಾಕಿಕೊಂಡ ಬಟ್ಟೆಯ ಚೀಲ.

"ಇದೇನಿದು?" ಉದಯಶಂಕರ್ ಚೀಲ ನೋಡಿ ಕೇಳಿದರು.

"ಮಡಿಲು. ಮನೆ ಮಗಳನ್ನ ಕಳಿಸ್ತಾ ಇದೀವಿ. ಮಡಿಲು ತುಂಬದೆ ಹಾಗೇ ಅಟ್ಟೋಕಾಗುತ್ತಾ?"

"ರಮಾ, ಈ ಮಗಳು ತೂಕ ತಡೆಯಲ್ಲ ಕಣೆ."

"ಎರಡು ಸೇರು ಅಕ್ಕಿ, ಒಂದು ಕಾಯಿ, ಬೆಲ್ಲ, ಒಂದು ರವಿಕೆ ಕಣ. ಅಷ್ಟೂ ಹೊರೋಕಾಗಲ್ವಾ ಅವಳಿಗೆ?"

ಉದಯಶಂಕರ್ ಸೂಟ್‌ಕೇಸ್ ತೂಗುವ ಕೊಕ್ಕೆ ತಂದು ಚೀಲವನ್ನು ನೇತುಹಾಕಿ ನೋಡಿದರು. ಡೇರೆ, ಮಲಗುವ ಚೀಲಗಳು, ಸ್ಟೌ ಎಲ್ಲವನ್ನೂ ಅವರು ಮೊದಲೇ ತೂಗಿ ಕೂಡಿಸಿ ಇಟ್ಟಿದ್ದರು. "ಕಾಯಿ ಬಿಡು," ಎಂದರು.

"ಕಾಯಿ ಇಲ್ಲದ ಮಡಿಲು ಎಲ್ಲಾದ್ರೂ ಇದ್ಯಾ? ನಿಮ್ಮ ಟೂಲ್ ಬಾಕ್ಸ್ ಇಳಿಸಿ."

ಅವರು ಹೆಂಡತಿಯ ಮುಖ ನೋಡಿ, ಟೂಲ್ ಬಾಕ್ಸಿನಿಂದ ಒಂದೊಂದೇ ಸ್ಪ್ಯಾನರ್ ತೆಗೆದು ಬೆಂಚಿನ ಮೇಲಿಡತೊಡಗಿದರು. ತೇಜಸ್ವಿನಿ ಚೀಲವನ್ನು ಸೀಟಿನ ಹಿಂದೆ ಇಟ್ಟು ಪಟ್ಟಿಯಿಂದ ಬಿಗಿದಳು.

"ಬೇಗ ಬೇಗ," ಎಂದರು ಆಂಟಿ. "ಒಂಬತ್ತಕ್ಕೆ ರಾಹುಕಾಲ."

"ಯಾವ ಒಂಬತ್ತು? ಇಲ್ಲಿ ಗಡಿಯಾರ ಒಂದು ಗಂಟೆ ಮುಂದಕ್ಕೆ ತಿರುಗಿಸಿದಾರೆ, ಅದನ್ನ ರಾಹುಗೆ ಯಾರು ಹೇಳಿದ್ರು?"

"ಅವನಿಗೆ ಗೊತ್ತಿರುತ್ತೆ. ನೀವು ಸುಮ್ನಿರಿ."

ಆಂಟಿ ಊದುಬತ್ತಿ ಹಚ್ಚಲಿಲ್ಲ; ಪೆಟ್ರೋಲಿನ ಹತ್ತಿರ ಬೆಂಕಿ ಕೂಡದು ಎಂದು ಗಂಡ ಮೊದಲ ಆಯುಧಪೂಜೆಯಲ್ಲೇ ಹೇಳಿದ್ದರು. ಚಕ್ರದ ಮುಂದೆ ತಮ್ಮ ಹಿತ್ತಲ ಗಿಡದ ನಿಂಬೆಹಣ್ಣು ಇಟ್ಟರು. ಮೂತಿಗೆ ಗಂಧ ಹಚ್ಚಿ, ಕುಂಕುಮ ಇಟ್ಟು, ನಾಲ್ಕು ಅಕ್ಷತೆ ಹಾಕಿ ಕೈಮುಗಿದರು. ಆಮೇಲೆ ಬಟ್ಟಲುಗಳನ್ನು ತೇಜಸ್ವಿನಿಯ ಕಡೆ ಚಾಚಿದರು.

"ನೀನೂ ಇಡು."

"ಬ್ಯಾಡ್ರಿ ಆಂಟಿ. ನೀವ ಹಚ್ಚೀರಲ್ಲ."

"ನಾನು ಮೂತಿಗೆ ಇಟ್ಟೆ. ಉಳಿದಿದ್ದು ಯಾರು ಇಡ್ತಾರೆ? ನಿಂಗೂ ಮಗಳೇ ತಾನೆ."

ಆಂಟಿ ಅವಳ ಮುಖ ನೋಡದೆ, ಸೆರಗು ಸರಿಮಾಡಿಕೊಳ್ಳುತ್ತಾ ಹೇಳಿದರು. ಧೀರಜ್ ಹೋದ ಮೇಲೆ ಕುಂಕುಮದ ಬಟ್ಟಲು ಅವಳ ಕೈಗೆ ಬಂದಿರಲಿಲ್ಲ. ಯಾರೂ ಏನೂ ಅಂದಿರಲಿಲ್ಲ. ಹಬ್ಬದ ಮನೆಗಳಲ್ಲಿ ಆ ಬಟ್ಟಲು ದಾರಿಯಲ್ಲಿರುವ ಕುರ್ಚಿಯನ್ನು ಬಳಸಿ ಹೋಗುವ ಹಾಗೆ ಅವಳನ್ನು ಬಳಸಿ ಹೋಗುತ್ತಿತ್ತು, ಅಷ್ಟೆ.

ಅವಳು ಬಟ್ಟಲು ತೆಗೆದುಕೊಂಡಳು. ಗಂಧ ತಣ್ಣಗಿತ್ತು. ಉಂಗುರದ ಬೆರಳಿನಿಂದ ಚಕ್ರಗಳಿಗೆ ಇಟ್ಟಳು, ರೆಕ್ಕೆಯ ಊರುಗೋಲಿಗೆ ಇಟ್ಟಳು, ಬಾಲಕ್ಕೆ ಇಟ್ಟಳು. ಬಾಲದಿಂದ ಹಿಂದಿರುಗುವಾಗ ಗೌರಿಯ ಪಕ್ಕೆಯ ಮೇಲೆ, ಕಿಟಕಿಗಿಂತ ಸ್ವಲ್ಪ ಹಿಂದೆ, ಬಿಳಿಯ ಬಣ್ಣದ ನಡುವೆ ನಾಣ್ಯದಷ್ಟಗಲದ ಹೊಳೆಯುವ ಲೋಹದ ಗುಂಡಿ ಕಂಡಿತು. ಬೊಟ್ಟು ಇಡಲೆಂದೇ ಯಾರೋ ಜಾಗ ಮಾಡಿಟ್ಟಂತೆ. ಅದರ ಸರಿಯಾಗಿ ನಡುವೆ ಗಂಧ ಒತ್ತಿ, ಮೇಲೆ ಕುಂಕುಮ ಇಟ್ಟಳು. ಅಲ್ಲಿ ಬಹಳ ಚೆನ್ನಾಗಿ ಕೂತಿತು.

"ಒಂಬತ್ತಾಗ್ತಾ ಬಂತು," ಎಂದರು ಆಂಟಿ.

ಎಂಜಿನ್ ಬೆಚ್ಚಗಾಗುವವರೆಗೆ ಕಾದು, ನಿಂಬೆಹಣ್ಣನ್ನು ಚಕ್ರದಡಿ ಅಪ್ಪಚ್ಚಿ ಮಾಡಿ, ತೇಜಸ್ವಿನಿ ಗೌರಿಯನ್ನು ಹುಲ್ಲಿನ ತುದಿಗೆ ತಂದಳು. ಪಕ್ಕದ ಸೀಟಿನಲ್ಲಿ ಉದಯಶಂಕರ್ ಬೆಲ್ಟ್ ಬಿಗಿದುಕೊಂಡರು. ರೇಡಿಯೋದಲ್ಲಿ ಹೊರಡುವ ಸುದ್ದಿ ಹೇಳಿ ಅವಳು ಥ್ರಾಟಲ್ ಪೂರ್ತಿ ಒತ್ತಿದಳು. ಹುಲ್ಲು ಓಡತೊಡಗಿತು. ವೇಗದ ಮುಳ್ಳು ಎದ್ದು ನಲವತ್ತು ದಾಟಿತು. ಮೂತಿ ಎತ್ತಿದಾಗ ಚಕ್ರದ ಗಡಗಡ ನಿಂತು ಗೌರಿ ನೆಲ ಬಿಟ್ಟಳು. ಕಿವಿಹಣ್ಣಿನ ತೋಟಗಳ ಎತ್ತರದ ಬೇಲಿಗಳು ಕೆಳಗೆ ಸರಿದವು.

ಆಗ ವೇಗದ ಮುಳ್ಳು ಬೀಳತೊಡಗಿತು.

ಐವತ್ತು. ನಲವತ್ತು. ಮೂವತ್ತು. ಅಷ್ಟು ಕಡಿಮೆ ವೇಗದಲ್ಲಿ ಯಾವ ವಿಮಾನವೂ ಗಾಳಿಯಲ್ಲಿ ನಿಲ್ಲುವುದಿಲ್ಲ, ಕಲ್ಲಿನಂತೆ ಬೀಳುತ್ತದೆ. ಮುಳ್ಳು ಸೊನ್ನೆಯ ಕಡೆ ಜಾರಿತು. ಎತ್ತರ ತೋರಿಸುವ ಮುಳ್ಳು ಅಲ್ಲಾಡಲೇ ಇಲ್ಲ. ಅದರ ಲೆಕ್ಕದಲ್ಲಿ ಅವರಿನ್ನೂ ಹುಲ್ಲಿನ ಮೇಲೇ ಇದ್ದರು. ಮೂತಿ ಕೆಳಗೊತ್ತು, ವೇಗ ತಗೋ ಎಂದು ಕೈ ಕೂಗಿತು. ಕೆಳಗೆ ಮರಗಳಿದ್ದವು.

ಕಲಿಸುವಾಗ ಧೀರಜ್ ಒಮ್ಮೊಮ್ಮೆ ಕರವಸ್ತ್ರ ತೆಗೆದು ವೇಗ, ಎತ್ತರ ತೋರಿಸುವ ಈ ಗಡಿಯಾರಗಳ ಮೇಲೆ ಹೊದಿಸಿಬಿಡುತ್ತಿದ್ದ. ಅವಳು ಬೈಯುತ್ತಿದ್ದಳು. "ಮೂತಿ ನೋಡು, ಸಪ್ಪಳ ಕೇಳು," ಎನ್ನುತ್ತಿದ್ದ. "ಸುಳ್ಳು ಹೇಳೂದು ಅವಕ್ಕ ಬರ್ತೈತಿ. ಈಕಿಗೆ ಬರೂದಿಲ್ಲ."

ಅವಳು ಮೂತಿ ನೋಡಿದಳು. ಅದು ದಿಗಂತದ ಮೇಲೆ ಎಲ್ಲಿರಬೇಕೋ ಅಲ್ಲೇ ಇತ್ತು. ಸಪ್ಪಳ ಕೇಳಿದಳು. ಎಂಜಿನ್ ಒಂದೇ ಸಮ ಹಾಡುತ್ತಿತ್ತು, ಬಾಗಿಲ ಸಂದಿನಲ್ಲಿ ಗಾಳಿ ಎಂದಿನಂತೆಯೇ ಶಿಳ್ಳೆ ಹಾಕುತ್ತಿತ್ತು. ವಿಮಾನ ನಡೆಸುವ ಕೋಲು ಕೈಯೊಳಗೆ ಗಟ್ಟಿಯಾಗಿತ್ತು. ಬೀಳುವ ವಿಮಾನದ ಕೋಲು ಹೀಗಿರುವುದಿಲ್ಲ. ಅವಳು ಕೈಯನ್ನು ಅಲ್ಲಾಡಿಸಲಿಲ್ಲ.

ಓರೆಗಣ್ಣಿನಲ್ಲಿ ನೋಡಿದರೆ ಉದಯಶಂಕರ್ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಅದುಮಿಕೊಂಡು ಕೂತಿದ್ದರು. ಅವರ ಮುಂದೆಯೂ ಒಂದು ಕೋಲಿತ್ತು.

"ಹೇಳಮ್ಮ," ಎಂದರು ಮೆಲ್ಲಗೆ.

"ಗೌರಿ ಬರೋಬ್ಬರಿ ಹಾರಾಕತ್ತಾಳ್ರಿ. ಗಡಿಯಾರ ಕೆಟ್ಟಾವ. ಸುತ್ತು ಹಾಕ್ಕೊಂಡು ಇಳಸ್ತೀನಿ."

"ಸರಿ."

ಬಲಗಡೆ ಸಮುದ್ರ ಬಂತು, ಅದರ ತುದಿಯಲ್ಲಿ ಊರವರು ಮೌಂಟ್ ಎಂದು ಕರೆಯುವ ಗುಡ್ಡ. ತಿರುವಿನ ನಡುವೆ ಅವಳಿಗೆ ಹೊಳೆಯಿತು. ಎರಡು ಗಡಿಯಾರ ಒಟ್ಟಿಗೆ ಕೆಟ್ಟಿವೆ ಎಂದರೆ ಅವೆರಡೂ ಉಸಿರಾಡುವುದು ಒಂದೇ ಮೂಗಿನಿಂದ. ಪಕ್ಕೆಯ ಮೇಲಿನ ಆ ಲೋಹದ ಗುಂಡಿಯ ನಡುವೆ ಸೂಜಿ ಹೋಗುವಷ್ಟು ತೂತಿದೆ. ಹೊರಗಿನ ಗಾಳಿಯ ಒತ್ತಡ ಒಳಗೆ ಬರುವುದು ಅಲ್ಲಿಂದ. ಪರೀಕ್ಷೆಯಲ್ಲಿ ಕೇಳಿದ್ದರು, ಅವಳು ಸರಿಯಾಗಿ ಹೇಳಿದ್ದಳು. ಹಿಂದೆಲ್ಲ ಆಯುಧಪೂಜೆಗೆ ಮುಂಚೆ ಧೀರಜ್ ಅದರ ಮೇಲೊಂದು ನೀಲಿ ಟೇಪಿನ ಚೂರು ಅಂಟಿಸಿ, ಪೂಜೆಯಾದ ಮೇಲೆ ಕಿತ್ತು, ಇಡೀ ವಿಮಾನವನ್ನು ಮತ್ತೊಮ್ಮೆ ಸುತ್ತು ಬರುತ್ತಿದ್ದ. ಅವಳು ಇವತ್ತು ಮೊದಲು ಸುತ್ತು ಬಂದಳು, ಆಮೇಲೆ ಪೂಜೆ ಮಾಡಿದಳು.

"ಅಂಕಲ್, ಗಂಧ."

"ಏನು?"

"ಗಾಳಿ ತೂತಿಗೆ ಬೊಟ್ಟು ಇಟ್ಟೀನ್ರಿ."

ಉದಯಶಂಕರ್ ಅವರ ಹೊಟ್ಟೆ ಬೆಲ್ಟಿನ ಕೆಳಗೆ ನಗುವಿನಿಂದ ಕುಲುಕತೊಡಗಿತು. ಕೈಗಳು ಮಾತ್ರ ತೊಡೆಯ ಕೆಳಗೇ ಇದ್ದವು.

ಅವಳು ಸಪ್ಪಳ ಕೇಳಿಕೊಂಡೇ ಇಳಿಸಿದಳು. ನೆಲ ಹತ್ತಿರವಾದಂತೆ ವೇಗದ ಮುಳ್ಳು ನಾಚಿಕೊಂಡಂತೆ ಮೆಲ್ಲಗೆ ಎದ್ದು ತನ್ನ ಜಾಗಕ್ಕೆ ಬಂತು. ಅವಳು ಅದರ ಕಡೆ ನೋಡಲಿಲ್ಲ. ಚಕ್ರಗಳು ಹುಲ್ಲನ್ನು ಮುಟ್ಟಿದ್ದು ಗೊತ್ತಾಗದಷ್ಟು ಮೆತ್ತಗಿತ್ತು.

ಎಂಜಿನ್ ನಿಲ್ಲಿಸಿದಾಗ ರಮಾ ಆಂಟಿ ನಿರಿಗೆ ಎತ್ತಿ ಹಿಡಿದು ಓಡಿ ಬರುತ್ತಿದ್ದರು. "ಏನಾಯ್ತು? ನಾನು ಅಂದೆ ತಾನೆ, ರಾಹುಕಾಲ ಅಂತ?"

"ರಾಹು ಅಲ್ಲ ಕಣೆ. ಬೊಟ್ಟು," ಎಂದು ಉದಯಶಂಕರ್ ವಿಷಯ ಹೇಳಿದರು. ಆಂಟಿ ಕೈಯನ್ನು ಬಾಯಿಗೆ ಒತ್ತಿಕೊಂಡು ತೇಜಸ್ವಿನಿಯನ್ನು ನೋಡಿದರು. "ನಾನೇ ಬಲವಂತ ಮಾಡಿ ಇಡಿಸಿದ್ನಲ್ಲೇ."

"ನೀವು ಜಾಗ ತೋರ್ಸಿದ್ದಿಲ್ಲಲ್ರಿ ಆಂಟಿ. ಜಾಗ ಹುಡುಕಿದಾಕಿ ನಾನು."

ಅವಳು ಹೋಗಿ ಗೌರಿಯ ಪಕ್ಕೆಯ ಬಳಿ ಮಂಡಿಯೂರಿದಳು. ಗಂಧ ಒಣಗಿ ಬಿರುಕು ಬಿಟ್ಟಿತ್ತು. ಉದಯಶಂಕರ್ ಒಳಗೆ ಬಗ್ಗಿ ಗುಂಡಿಗೆ ಸೇರಿದ ಕೊಳವೆಯನ್ನು ಬಿಚ್ಚಿದರು. ಅವಳು ಒದ್ದೆ ಬಟ್ಟೆಯಿಂದ ಒರೆಸಿ, ಒಂದು ಎಳೆ ತೆಳು ತಂತಿಯಿಂದ ತೂತು ಬಿಡಿಸಿದಳು. ಅವರು ಕೊಳವೆಯನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿ, "ಒಳಗೆ ಹೋಗಿಲ್ಲ. ಶುದ್ಧವಾಗಿದೆ," ಎಂದು ಮತ್ತೆ ಸೇರಿಸಿದರು.

"ಇವತ್ತು ಬೇಡ ಬಿಡಮ್ಮ," ಎಂದರು ಆಮೇಲೆ. "ಮೊರಾಗ್‌ಗೆ ಫೋನ್ ಮಾಡ್ತೀನಿ. ಬೇಕಿದ್ರೆ ಅವರೇ ಬಂದು ನೋಡ್ಲಿ."

ತೇಜಸ್ವಿನಿ ಹುಲ್ಲಿನ ಮೇಲೆ ಕೂತಿದ್ದಳು. ಬಿಸಿಯಾದ ಎಂಜಿನ್ ಆರುತ್ತಾ ಟಿಕ್ ಟಿಕ್ ಎನ್ನುತ್ತಿತ್ತು. ಬೇಲಿಯಾಚೆ ಯಾರದೋ ಟ್ರ್ಯಾಕ್ಟರು, ಆಂಟಿಯ ಬಳೆಗಳು, ತನ್ನದೇ ಉಸಿರು. ಇಷ್ಟು ದಿನ ಎಲ್ಲ ಸದ್ದೂ ಗೋಡೆಯಾಚೆ ಪಕ್ಕದ ಮನೆಯಿಂದ ಬಂದಂತೆ ಕೇಳುತ್ತಿತ್ತು. ಈಗ ಒಂದೊಂದೂ ಬಂದು ಕಿವಿಯ ಹತ್ತಿರ ನಿಂತಿತ್ತು.

"ಹೋಗೂಣ್ರಿ," ಎಂದಳು.

"ಈಗಾ? ರಾಹುಕಾಲ ನಡೀತಾ ಇದೆ," ಎಂದರು ಆಂಟಿ.

"ಮುಗಿಯೂ ತನಕ ಚಾ ಕುಡಿಯೂಣ್ರಿ ಆಂಟಿ."

ಮೂವರೂ ರೆಕ್ಕೆಯ ನೆರಳಿನಲ್ಲಿ ಕೂತು ಫ್ಲಾಸ್ಕಿನ ಚಹಾ ಕುಡಿದರು. ರಾಹುಕಾಲ ಕಳೆದ ಮೇಲೆ ತೇಜಸ್ವಿನಿ ಮೊದಲಿನಿಂದ ಎಲ್ಲವನ್ನೂ ಮತ್ತೆ ಮುಟ್ಟಿ ನೋಡಿದಳು. ಆಂಟಿ ತಟ್ಟೆಯನ್ನು ಕಾರಿನೊಳಗಿಟ್ಟು ಬಾಗಿಲು ಹಾಕಿ, ಬಾಗಿಲಿಗೇ ಒರಗಿ ನಿಂತರು.

ಈ ಸಲ ಗಡಿಯಾರಗಳು ನಿಜ ಹೇಳಿದವು.

ಬೆಟ್ಟ ದಾಟಿ ಇಳಿದಾಗ ಮಧ್ಯಾಹ್ನ. ಹುಲ್ಲುಗಾವಲಿನ ಒಂದು ಬದಿಗೆ ವಿಮಾನಗಳು ಸಾಲಾಗಿ ನಿಂತಿದ್ದವು, ಸಂತೆಗೆ ಬಂದ ಎತ್ತುಗಳ ಹಾಗೆ, ಎಲ್ಲವನ್ನೂ ಗೂಟಕ್ಕೆ ಕಟ್ಟಿದ್ದರು. ಶೆಡ್ಡಿನ ಮುಂದೆ ಸಾಸೇಜು ಹುರಿಯುವ ಹೊಗೆ. ಟೋಪಿ ಹಾಕಿದ ಗಂಡಸರು ತೆರೆದ ಎಂಜಿನ್ನುಗಳೊಳಗೆ ತಲೆ ತೂರಿಸಿಕೊಂಡು ನಿಂತಿದ್ದರು. ಧೀರಜ್‌ನನ್ನು ಬಲ್ಲ ಒಬ್ಬಿಬ್ಬರು ಗೌರಿಯನ್ನು ದೂರದಿಂದಲೇ ಗುರುತಿಸಿ, ಬಂದು ರೆಕ್ಕೆಯ ತುದಿ ಹಿಡಿದು ತಳ್ಳಿ ಜಾಗಕ್ಕೆ ನಿಲ್ಲಿಸಿಕೊಟ್ಟರು. ಮಾತು ಹೆಚ್ಚಾಡಲಿಲ್ಲ. ಒಬ್ಬ ಹೋಗಿ ಎರಡು ಸಾಸೇಜು ತಂದ. ಇವರು ಮಾಂಸ ತಿನ್ನುವುದಿಲ್ಲ ಎಂದು ನೆನಪಾಗಿ ತಾನೇ ಎರಡನ್ನೂ ತಿಂದ.

ಮೊರಾಗ್ ಗಮ್‌ಬೂಟಿನಲ್ಲೇ ಬಂದಳು. ಅರವತ್ತರ ಹತ್ತಿರದವಳು, ಬಿಸಿಲಿಗೆ ಕಂದಿದ ಮುಖ. ಗೌರಿಯ ಸುತ್ತ ನಿಧಾನವಾಗಿ ನಡೆದಳು. ಬಾಲ ಅಲ್ಲಾಡಿಸಿದಳು, ಚಕ್ರಕ್ಕೆ ಬಗ್ಗಿದಳು, ಮೂತಿಯ ಮುಚ್ಚಳ ತೆಗೆಸಿ ಎಂಜಿನ್ನನ್ನು ಬಹಳ ಹೊತ್ತು ನೋಡಿದಳು.

"ಚೆನ್ನಾಗಿ ಸಾಕಿದ್ದೀರಿ," ಎಂದಳು. "ಮತ್ತೆ ಯಾಕೆ ಕೊಡುತ್ತಿದ್ದೀರಿ?"

ಉದಯಶಂಕರ್ ತೇಜಸ್ವಿನಿಯನ್ನು ನೋಡಿದರು. ತೇಜಸ್ವಿನಿ ಉದಯಶಂಕರ್ ಅವರನ್ನು ನೋಡಿದಳು. ಇಬ್ಬರೂ ಒಟ್ಟಿಗೆ ಬಾಯಿ ತೆರೆದು, ಇನ್ನೊಬ್ಬರು ಹೇಳಲಿ ಎಂದು ಒಟ್ಟಿಗೆ ನಿಲ್ಲಿಸಿದರು.

ಮೊರಾಗ್ ಅಷ್ಟರಲ್ಲಿ ಪಕ್ಕೆಯ ಗುಂಡಿಯ ಸುತ್ತ ಉಳಿದಿದ್ದ ಕೆಂಪನ್ನು ಹೆಬ್ಬೆರಳಿನಿಂದ ಉಜ್ಜುತ್ತಿದ್ದಳು. "ಇದೇನು, ತುಕ್ಕೇ?"

"ಅಲ್ಲ," ಎಂದು ತೇಜಸ್ವಿನಿ ಇಂಗ್ಲಿಷಿನಲ್ಲಿ ಬೆಳಗಿನದ್ದೆಲ್ಲ ಹೇಳಿದಳು. ಮಡಿಲು ತುಂಬಿದ್ದು, ಬೊಟ್ಟು ಇಟ್ಟದ್ದು, ಮುಳ್ಳು ಬಿದ್ದದ್ದು. ಮಾರುವವರು ಕೊಳ್ಳುವವರಿಗೆ ಇಂಥ ಕಥೆ ಹೇಳುವುದಿಲ್ಲ. ಉದಯಶಂಕರ್ ಒಮ್ಮೆ ಕೆಮ್ಮಿದರು. ಅವಳು ನಿಲ್ಲಿಸಲಿಲ್ಲ.

ಮೊರಾಗ್ ಪೂರ್ತಿ ಕೇಳಿದಳು. "ಆಮೇಲೆಯೂ ಬೆಟ್ಟ ದಾಟಿ ಹಾರಿಸಿಕೊಂಡು ಬಂದೆ?"

"ಚಹಾ ಕುಡಿದು ಬಂದೆ."

ಮೊರಾಗ್ ತಲೆಯಾಡಿಸಿದಳು. ತೇಜಸ್ವಿನಿ ಗುಂಡಿಯ ಮೇಲೆ ಅಂಗೈ ಇಟ್ಟು ನಿಂತಿದ್ದಳು. ಲೋಹ ಬಿಸಿಲಿಗೆ ಬೆಚ್ಚಗಿತ್ತು.

"ಆದರೆ ಇವತ್ತು ನಿಮಗೆ ಕೊಡುವುದಕ್ಕೆ ಆಗುವುದಿಲ್ಲ," ಎಂದಳು. "ಕೊಳವೆಯೊಳಗೆ ಗಂಧ ಹೋಗಿರಬಹುದು. ಪೂರ್ತಿ ಒಣಗಬೇಕು. ಹೀಗೆ ಹೇಗೆ ಮಾರುವುದು?"

ಕೊಳವೆಯನ್ನು ತಾವೇ ಬಿಚ್ಚಿ ಬೆಳಕಿಗೆ ಹಿಡಿದು ನೋಡಿದ್ದ ಉದಯಶಂಕರ್ ಗಂಟಲು ಸರಿಮಾಡಿಕೊಂಡರು. "ನಿಜ," ಎಂದರು. "ಒಣಗಬೇಕು."

ಮೊರಾಗ್ ಅವಳನ್ನು ನೋಡಿದಳು, ಅವರನ್ನು ನೋಡಿದಳು. "ಒಣಗುವುದಕ್ಕೆ ಎಷ್ಟು ದಿನ ಬೇಕು?"

"ಗಂಧ," ಎಂದರು ಉದಯಶಂಕರ್, ಬಹಳ ಗಂಭೀರವಾಗಿ. "ಹೇಳುವುದು ಕಷ್ಟ."

ಮೊರಾಗ್ ಹೊರಡುವ ಮುಂಚೆ, ಹಾಲು ಕರೆದು ಮುಗಿಸಿದ ಹಸುವಿನ ತೊಡೆಗೆ ತಟ್ಟುವ ಹಾಗೆ ಗೌರಿಯ ಮೂತಿಗೆ ಎರಡು ಸಲ ತಟ್ಟಿದಳು. "ನನ್ನ ನಂಬರ್ ಇದೆಯಲ್ಲ. ಒಣಗಿದರೆ ಹೇಳಿ."

ಅವಳು ಸಾಲು ದಾಟಿ ಹೋದಳು. ಉದಯಶಂಕರ್ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು, ಹಾಕಿಕೊಂಡು, ಮತ್ತೆ ತೆಗೆದು ಒರೆಸಿದರು.

"ಹಾಗಾದ್ರೆ ವಾರಕ್ಕೊಂದ್ಸಲನಾದ್ರೂ ಹಾರಿಸ್ಬೇಕಾಗುತ್ತೆ ಕಣಮ್ಮ," ಎಂದರು ಕೊನೆಗೆ. "ಒಣಗಬೇಕಲ್ಲ."

"ನೀವು ಬಾಜೂಕ ಕೂಡಬೇಕ್ರಿ ಮತ್ತ."

"ಕೈ ತೊಡೆ ಕೆಳಗೆ ಇಟ್ಕೊಂಡು ಕೂರ್ತೀನಿ."

ತೇಜಸ್ವಿನಿ ಟೌರಂಗಾಕ್ಕೆ ಫೋನ್ ಮಾಡಿದಳು. "ಆಂಟಿ, ನಾಳೆ ನೀವು ಕಾರ್ ತಗೊಂಡು ಬರೂದು ಬ್ಯಾಡ್ರಿ. ನಾವ ಬರ್ತೀವಿ. ಮೂರೂ ಮಂದಿ."

ಆ ಕಡೆ ನಲ್ಲಿಯ ನೀರು ನಿಲ್ಲಿಸಿದ ಸದ್ದು ಕೇಳಿತು.

"ಸರಿ," ಎಂದರು ರಮಾ ಆಂಟಿ. ಆಮೇಲೆ, "ಆದ್ರೆ ಕೊಟ್ಟ ಮಡಿಲಕ್ಕೀನ ವಾಪಸ್ ಮನೆಗೆ ತರಬಾರದು ಕಣೆ. ಅಲ್ಲೇ ಬೇಯ್ಸಿ ತಿಂದ್ಬಿಡಿ. ಪುಳಿಯೋಗರೆ ಗೊಜ್ಜು ಚೀಲದ ಅಡೀಲಿದೆ."

"ಗೊಜ್ಜು ಯಾವಾಗ ಇಟ್ರಿ ಆಂಟಿ?"

"ಬೆಳಿಗ್ಗೆನೇ."

ಉದಯಶಂಕರ್ ಚೀಲದ ಅಡಿಗೆ ಕೈ ಹಾಕಿ, ಅಕ್ಕಿಯ ಕೆಳಗೆ ಕಣದಲ್ಲಿ ಸುತ್ತಿದ್ದ ಗಾಜಿನ ಬಾಟಲಿಯನ್ನು ಹೊರತೆಗೆದರು. ಕೈಯಲ್ಲಿ ಹಿಡಿದು ಭಾರ ನೋಡಿದರು. "ಚೀಲ ತೂಗಿದಾಗ ಇದು ಇರಲಿಲ್ಲ," ಎಂದರು. "ನಾನು ಸ್ಪ್ಯಾನರ್ ಇಳಿಸ್ತಿದ್ದಾಗ ಇಟ್ಟಿದಾಳೆ."

ಸಂಜೆಯ ಬಿಸಿಲಿನಲ್ಲಿ ರೆಕ್ಕೆಯ ಕೆಳಗೆ ಸ್ಟೌ ಹಚ್ಚದೆ, ವಿಮಾನಗಳಿಂದ ದೂರ ಬೇಲಿಯ ಬಳಿ ಹಚ್ಚಿ ಅನ್ನ ಮಾಡಿದರು. ಕಾಯಿಯನ್ನು ಬೇಲಿಯ ಗೂಟಕ್ಕೆ ಒಡೆದರು. ಸಾಸೇಜಿನವನು ತಟ್ಟೆ ಹಿಡಿದು ಬಂದ, ಅವನ ಹಿಂದೆ ಇನ್ನಿಬ್ಬರು, ಕೊನೆಗೆ ಮೊರಾಗ್. ಖಾರಕ್ಕೆ ಮೂಗು ಒರೆಸಿಕೊಳ್ಳುತ್ತಾ ಅವಳು ಎರಡನೇ ಸಲ ಹಾಕಿಸಿಕೊಂಡಳು. ಇದು ಯಾವ ಹಬ್ಬದ ಅಡುಗೆ ಎಂದು ಕೇಳಿದಳು. ಹೆಣ್ಣುಮಕ್ಕಳು ತವರಿನಿಂದ ಹೊರಡುವಾಗ ಕೊಡುವ ಅಕ್ಕಿ ಎಂದು ಉದಯಶಂಕರ್ ಹೇಳಿದರು. ಹೊರಟವಳು ಎಲ್ಲಿ ಎಂದು ಅವಳು ಕೇಳಲಿಲ್ಲ.

ಬೆಳಿಗ್ಗೆ ತೇಜಸ್ವಿನಿ ಎದ್ದಾಗ ಮಂಜು ಇನ್ನೂ ಹುಲ್ಲಿನ ಮೇಲಿತ್ತು. ವಿಮಾನಗಳ ರೆಕ್ಕೆಗಳಿಂದ ಹನಿ ತೊಟ್ಟಿಕ್ಕುತ್ತಿತ್ತು. ಸಾಲಿನಲ್ಲಿ ಯಾರೂ ಎದ್ದಿರಲಿಲ್ಲ. ಅವಳು ಒಂದು ಬಟ್ಟೆ ತೆಗೆದುಕೊಂಡು ಗೌರಿಯ ಗಾಜು ಒರೆಸಿದಳು. ಪಕ್ಕೆಯ ಗುಂಡಿಯನ್ನು ಒರೆಸಿದಳು. ಜೇಬು ಮುಟ್ಟಿ ಕೀಲಿ ಇದೆಯೆಂದು ನೋಡಿಕೊಂಡು, ಪ್ರೊಪೆಲ್ಲರಿನ ಮುಂದೆ ಬಂದು ನಿಂತಳು. ಅಲಗು ತಣ್ಣಗೆ, ಒದ್ದೆಯಾಗಿತ್ತು. ಅದನ್ನು ಹಿಡಿದ ಅವಳ ಉಂಗುರದ ಬೆರಳಿನ ಉಗುರಿನ ಸಂದಿಯಲ್ಲಿ ನಿನ್ನೆಯ ಕೆಂಪು ಇನ್ನೂ ಇತ್ತು.

ಒಂದು ಸಲ ಎಳೆದಳು. ಎರಡು ಸಲ.

"ತೇಗಿದಳಾ?" ಡೇರೆಯೊಳಗಿನಿಂದ ನಿದ್ದೆಯ ದನಿ ಕೇಳಿತು.

"ತಡೀರಿ ಅಂಕಲ್."

ಅವಳು ಅಲಗನ್ನು ಮತ್ತೊಮ್ಮೆ ಕೆಳಕ್ಕೆ ಎಳೆದು, ಕಿವಿಗೊಟ್ಟು ನಿಂತಳು.